ಎಪ್ಪತ್ತೆರಡರ ಸೊಸೆ

ಆಕೆಗೆ ಎಪ್ಪತ್ತೆರಡು ತುಂಬಿದಾಗಲೂ ಊರು ಆಕೆಯನ್ನು ಸೊಸೆ ಎಂದೇ ಕರೆಯುತ್ತಿತ್ತು. ಹೆಸರಿರಲಿಲ್ಲ ಎಂದಲ್ಲ, ಇತ್ತು. ಆದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಬಿಟ್ಟರೆ ಅದು ಬೇರೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ಡೇರಿಯಲ್ಲಿ ಹಾಲು ಅಳೆಯುವವನು "ಸೊಸೆಮ್ಮ, ಇವತ್ತು ಒಸಿ ಕಮ್ಮಿ ಐತಲ್ಲ" ಅನ್ನುತ್ತಿದ್ದ. ಕೋಡಿಹಳ್ಳಿ ಬಸ್ಸಿನ ಕಂಡಕ್ಟರ್ ಕೂಡ "ಸೊಸೆಮ್ಮನ್ನ ಇಳುಸ್ಕಳ್ರಪ್ಪ" ಎಂದು ಕೂಗುತ್ತಿದ್ದ. ತಲೆ ಪೂರಾ ಬೆಳ್ಳಗಾಗಿ, ಮುಂದಿನ ಎರಡು ಹಲ್ಲು ಹೋಗಿ, ಮೊಮ್ಮಗಳಿಗೆ ಮದುವೆಯ ಮಾತು ನಡೆಯುತ್ತಿದ್ದ ಹೆಂಗಸನ್ನು ಹಾಗೆ ಕರೆಯುವುದು ಹೊಸದಾಗಿ ಬಂದವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಊರಿನವರಿಗೆ ಅದರಲ್ಲಿ ತಮಾಷೆಯೇನೂ ಇರಲಿಲ್ಲ. ಆ ಮನೆಯಲ್ಲಿ ಅತ್ತೆ ಇನ್ನೂ ಇದ್ದಳು, ಅಷ್ಟೆ.

ಅತ್ತೆಗೆ ಆಗ ತೊಂಬತ್ತು ದಾಟಿತ್ತು. ಎಷ್ಟು ದಾಟಿತ್ತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಎಲ್ಲರೂ ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು, ನಾನೂ ಇಲ್ಲಿ ಹಾಗೆಯೇ ಅನ್ನುತ್ತೇನೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ. ಈ ಗಾದೆ ಕಟ್ಟಿದವರ ಕಾಲದಲ್ಲಿ ಅತ್ತೆಯರು ಐವತ್ತಕ್ಕೋ ಅರವತ್ತಕ್ಕೋ ಹೊರಟುಬಿಡುತ್ತಿದ್ದರು ಅಂತ ಕಾಣುತ್ತದೆ. ಸೊಸೆಗೆ ಕೂದಲು ನರೆಯುವ ಮೊದಲೇ ಅವಳ ಕಾಲ ಬರುತ್ತಿತ್ತು. ಬಂದ ಮೇಲೆ ಅವಳು ಅದನ್ನು ತನ್ನ ಸೊಸೆಯ ಮೇಲೆ ಚಲಾಯಿಸುತ್ತಿದ್ದಳು, ಎಲ್ಲ ಸರಿಹೋಗುತ್ತಿತ್ತು. ಈಗ ಹಾಗೆ ಆಗುವುದಿಲ್ಲ. ಅದನ್ನು ಕೆಡಿಸಿದವರಲ್ಲಿ ನಾನೂ ಒಬ್ಬಳು, ಯಾಕೆಂದರೆ ಆ ಊರಿಗೆ ಬಿಪಿ ಮಾತ್ರೆ ಹಂಚುತ್ತಿದ್ದವಳು ನಾನೇ.

ಕೋಡಿಹಳ್ಳಿಯಿಂದ ಒಳಕ್ಕೆ ಹೋಗುವ ಆ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತು ವರ್ಷದ ಮೇಲೆ ನರ್ಸಮ್ಮನಾಗಿದ್ದೆ. ಈಗ ರಿಟೈರಾಗಿ ಕನಕಪುರದಲ್ಲಿದ್ದೇನೆ. ಸೇರಿದಾಗ ನನ್ನ ಚೀಲದಲ್ಲಿ ಹೆರಿಗೆಯ ಸಾಮಾನು, ಮಕ್ಕಳ ಲಸಿಕೆಯ ಡಬ್ಬಿ ಇರುತ್ತಿದ್ದವು. ಕೊನೆಕೊನೆಗೆ ಬಿಪಿ ಮಿಷನ್ನು, ಶುಗರ್ ನೋಡುವ ಸೂಜಿ, ಕಣ್ಣಿನ ಪೊರೆಯ ಕ್ಯಾಂಪಿನ ಚೀಟಿ. ಮುಂಚೆ ಯಾರ ಮನೆ ಹೊಕ್ಕರೂ ತೊಟ್ಟಿಲು ಕಾಲಿಗೆ ಅಡ್ಡ ಬರುತ್ತಿತ್ತು. ನಾನು ಕೆಲಸ ಬಿಡುವ ಹೊತ್ತಿಗೆ ವಾಕರ್ ಅಡ್ಡ ಬರುತ್ತಿತ್ತು. ಹೀಗೆ ಊರಿಗೇ ನಿಧಾನವಾಗಿ ವಯಸ್ಸಾಗುವುದನ್ನು ನೋಡಿದೆ. ಅದರಲ್ಲಿ ಹೆಚ್ಚು ನೋಡಿದ್ದು ಈ ಅತ್ತೆ ಸೊಸೆಯರ ಮನೆಯನ್ನು.

ಆಕೆಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ನೆಲದಿಂದ ಮೇಲೇಳುತ್ತಿದ್ದ ರೀತಿ. ಎರಡೂ ಮಂಡಿ ಸವೆದಿದ್ದವು. ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದನ್ನು ಮಂಡಿಗೆ ಒತ್ತಿ, ಗೋಡೆಗಷ್ಟೇ ಕೇಳುವ ಹಾಗೆ "ಅವ್ವಯ್ಯಾ" ಎಂದು ಏಳುತ್ತಿದ್ದಳು. ಒಂದು ಪ್ಲಾಸ್ಟಿಕ್ ಕುರ್ಚಿ ಮನೆಯಲ್ಲೇ ಇತ್ತು. ಅದನ್ನು ನನಗೆ ಹಾಕಿ ತಾನು ಕೆಳಗೆ ಕೂರುತ್ತಿದ್ದಳು.

"ಅಕ್ಕ, ಇಬ್ಬರಲ್ಲಿ ಕುರ್ಚಿ ಬೇಕಾಗಿರೋದು ನಿನಗೆ," ಎಂದು ಒಮ್ಮೆ ಹೇಳಿದೆ.

"ಅತ್ತೆ ಎದ್ರುಗೆ ಕುರ್ಚಿ ಮ್ಯಾಲೆ ಕುಂತ್ಕಳಕ್ಕಾಯ್ತದಾ ನರ್ಸಮ್ಮ? ಜನ ಏನಂದಾರು."

"ಜನ ಎಲ್ಲಿದ್ದಾರೆ? ಇರೋದು ನಾವು ಮೂರು ಜನ."

"ಅತ್ತೆ ಒಬ್ಳೇ ಸಾಕು, ಒಂದೂರು ಜನಕ್ಕೆ."

ಇದನ್ನು ಹೇಳುವಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಕೆಯ ನಗು ಯಾವಾಗಲೂ ಹಾಗೆ, ಗೋಡೆ ಕಡೆಗೆ ತಿರುಗಿ, ಸದ್ದಿಲ್ಲದೆ. ಅಡುಗೆಮನೆಯ ಬಾಗಿಲಿಗೆ ನೇರವಾಗಿ ದೊಡ್ಡವ್ವನ ಮಂಚ ಇತ್ತು. ದೊಡ್ಡವ್ವನಿಗೆ ಕಿವಿ ಮಂದ, ಆದರೆ ಪೊರೆ ತೆಗೆಸಿದ ಮೇಲೆ ಕಣ್ಣು ಚುರುಕಾಗಿತ್ತು. ಮಂಚದಿಂದಲೇ ಒಲೆಯ ಉರಿ, ಸಾರಿನ ಬಣ್ಣ, ಮುದ್ದೆಯ ಹದ ಎಲ್ಲ ಅಳೆಯುತ್ತಿದ್ದಳು. "ಅಮ್ಮೀ, ಗಂಟಾಯ್ತು ನೋಡು, ತಿರುವು" ಎಂದು ಕೂಗುತ್ತಿದ್ದಳು. ಸೊಸೆ ಹದಿನೈದರ ಹುಡುಗಿಯಾಗಿ ಆ ಮನೆಗೆ ಬಂದಾಗ ಹೇಗೆ ಅಮ್ಮಿ ಅನ್ನುತ್ತಿದ್ದಳೋ ಎಪ್ಪತ್ತೆರಡಕ್ಕೂ ಹಾಗೆಯೇ. ಸೊಸೆ ಮರುಮಾತಾಡದೆ ಇನ್ನೆರಡು ಸುತ್ತು ಮುದ್ದೆ ಕೋಲು ತಿರುವುತ್ತಿದ್ದಳು. ಮುದ್ದೆಯಲ್ಲಿ ಗಂಟಿರುತ್ತಿರಲಿಲ್ಲ. ನಾನು ಎಷ್ಟೋ ಸಲ ಉಂಡಿದ್ದೇನೆ.

ಆಕೆಯ ಗಂಡ, ಅಂದರೆ ದೊಡ್ಡವ್ವನ ಮಗ, ಅರವತ್ತು ಮುಟ್ಟುವ ಮೊದಲೇ ಹೋದ. ಬಿಪಿ ಏರಿದೆ, ಮಾತ್ರೆ ನುಂಗು ಎಂದು ನಾನು ಹೇಳಿದ್ದೆ, ಕನಕಪುರದ ಡಾಕ್ಟರು ಹೇಳಿದ್ದರು. "ನಂಗೇನಾಗೈತೆ, ಕಲ್ಲಿದ್ದಂಗಿವ್ನಿ" ಎಂದು ಮಾತ್ರೆಯನ್ನು ಹಿಪ್ಪುನೇರಳೆ ತೋಟದ ಬದುವಿನಲ್ಲಿ ಎಸೆಯುತ್ತಿದ್ದ. ಒಂದು ಬೆಳಗ್ಗೆ ಅದೇ ತೋಟದಲ್ಲಿ ಬಿದ್ದವನು ಏಳಲಿಲ್ಲ. ಆ ಸಾವಾದ ಮೇಲೆ ಅತ್ತೆ ಸೊಸೆ ಇಬ್ಬರೂ ಮಾತ್ರೆ ನುಂಗುವುದನ್ನು ಒಂದು ಹಟದಂತೆ ಹಿಡಿದರು. ಸೊಸೆ ಅತ್ತೆಯ ಮಾತ್ರೆಯನ್ನು ಬೆಲ್ಲದ ಚೂರಿನೊಳಗೆ ಹುದುಗಿಸಿ ಬಾಯಿಗಿಟ್ಟು, ನುಂಗಿದಳೋ ಇಲ್ಲವೋ ಎಂದು ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಆ ಒಂದು ಗಳಿಗೆ ಮಾತ್ರ ಆ ಮನೆಯಲ್ಲಿ ಸೊಸೆಯ ಕಾಲ.

ಸಾವಿನ ಬಗ್ಗೆ ಆಕೆ ಮಾತಾಡುತ್ತಿದ್ದ ರೀತಿಯೇ ಬೇರೆ. "ಮುಂಚೆಲ್ಲ ಸಾವು ತಾನಾಗಿ ಒಳೀಕೆ ಬರೋದು. ಈಗ ನೀವು ಬಾಗ್ಲಲ್ಲೇ ನಿಲ್ಸಿ, ಬಿಪಿ ನೋಡಿ, ಹಿಂದಕ್ಕೆ ಕಳುಸ್ಬುಡ್ತೀರಿ," ಎಂದು ನನ್ನನ್ನು ಆಡಿಸಿದ್ದಳು. ಅದು ಹೊಗಳಿಕೆಯೋ ದೂರೋ ನನಗೆ ಗೊತ್ತಾಗಲಿಲ್ಲ. ಆಕೆಗೂ ಗೊತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ದೊಡ್ಡವ್ವ ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಎಡ ಸೊಂಟ ಮುರಿದುಕೊಂಡದ್ದು ಆಮೇಲೆ. ಆ ವಯಸ್ಸಿಗೆ ಆಪರೇಷನ್ ಬೇಡ ಎಂದು ಮನೆಯವರೇ ತೀರ್ಮಾನಿಸಿದರು. ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತು, ನೋವು ಉಳಿಯಿತು, ಕಾಲು ಹೋಯಿತು. ಸೊಂಟ ಮುರಿದ ಮುದುಕಿ ಮುಂದಿನ ಸುಗ್ಗಿ ನೋಡುವುದಿಲ್ಲ ಎಂಬುದು ನಮ್ಮ ಕಡೆ ಬಹಳ ಕಾಲದ ಅಂದಾಜು. ಸೊಸೆ ಆ ಅಂದಾಜನ್ನು ಸುಳ್ಳು ಮಾಡಿದಳು. ಬೆನ್ನಿಗೆ ಹುಣ್ಣಾಗದಂತೆ ಹೊರಳಿಸುವುದು, ಬಿಸಿನೀರು ಹಾಕುವುದು, ಎಳೆ ಬಿಸಿಲಿಗೆ ಅಂಗಳಕ್ಕೆ ಒಯ್ಯುವುದು, ಬಿಸಿಲು ಏರಿದರೆ ಒಳಗೆ ತರುವುದು. ಎಲ್ಲಕ್ಕೂ ಎತ್ತಬೇಕು. ಬಲಗಡೆಯಿಂದ ಬಂದು ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಮಂಡಿಯ ಕೆಳಗೆ ಹಾಕಿ, ಎಡ ಸೊಂಟಕ್ಕೆ ಏನೂ ತಾಗದಂತೆ ಎದೆಗೆ ಒರಗಿಸಿಕೊಂಡು ಎತ್ತುತ್ತಿದ್ದಳು. ದೊಡ್ಡವ್ವ ಆಕೆಯ ಕೊರಳಿಗೆ ಕೈ ಹಾಕಿಕೊಂಡು, ಆ ಎತ್ತರದಿಂದಲೂ "ಆ ಹಸೀಗೆ ಯಾಕೆ ಇನ್ನೂ ಹುಲ್ಲಾಕಿಲ್ಲ" ಎಂದು ಕೇಳುತ್ತಿದ್ದಳು.

ಮನೆಯಲ್ಲಿ ಬೇರೆಯವರು ಇರಲಿಲ್ಲವೇ ಎಂದು ಕೇಳಬಹುದು. ಆಕೆಯ ಮಗ ಇದ್ದ. ಅಜ್ಜಿಯ ಮೈ ಹೇಗೆ ಮುಟ್ಟುವುದು ಎಂದು ಗಂಡಸರು ಸಾಮಾನ್ಯವಾಗಿ ಅನ್ನುವುದನ್ನೇ ಅವನೂ ಅನ್ನುತ್ತಿದ್ದ. ಮಗನ ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಿದ್ದಳು. "ಅವಳಿಗೆ ಕೆಲಸ ಬಿಡಿಸಬಾರದಾ?" ಎಂದು ನಾನು ಕೇಳಿದ್ದುಂಟು.

"ಬುಡ್ಸುದ್ರೆ ನಾನೂ ಅತ್ತೆ ಆಗೋಯ್ತೀನಿ," ಅಂದಳು ಆಕೆ. "ಒಬ್ರು ಸಾಲ್ದಾ ಮನೇಗೆ?"

ಒಂದು ಮಳೆಗಾಲದಲ್ಲಿ ದೊಡ್ಡವ್ವನಿಗೆ ಕಫ ಕಟ್ಟಿ ಎಚ್ಚರ ತಪ್ಪಿತು. ಎಲ್ಲರಿಗೂ ಫೋನಾಯಿತು. ನೆಂಟರು ಬ್ರೆಡ್ಡು, ಮೋಸಂಬಿ ಹಿಡಿದು ಬಂದು ಬಾಯಿಗೆ ನೀರು ಬಿಟ್ಟರು. ನಮ್ಮ ಕಡೆ ಒಂದು ಪದ್ಧತಿ ಇದೆ. ಹೋಗುವವರಿಗೆ ಒಂದಿಷ್ಟು ಎಚ್ಚರ ಬಂದಾಗ ಹಿರಿಯರೊಬ್ಬರು ಮಂಚದ ಹತ್ತಿರ ಬಗ್ಗಿ "ಏನಾರ ಆಸೆ ಐತಾ" ಎಂದು ಕೇಳಬೇಕು. ಹೇಳಿದ್ದನ್ನು ಮನೆಯವರು ಹೇಗಾದರೂ ಮಾಡಿ ನೆರವೇರಿಸಬೇಕು. ಇಲ್ಲದಿದ್ದರೆ ಆ ಆಸೆ ಮನೆಗೆ ಸುತ್ತಿಕೊಳ್ಳುತ್ತದೆ ಎಂದು ನಂಬಿಕೆ. ದೊಡ್ಡವ್ವ ಕಣ್ಣು ಬಿಟ್ಟು, ಕಾಲು ಸೂಪು ಅಂದಳು. ಸೊಸೆ ಆಗಲೇ ಕೋಡಿಹಳ್ಳಿಗೆ ಆಳು ಓಡಿಸಿ ಕುರಿಯ ಕಾಲು ತರಿಸಿ, ಅರ್ಧ ದಿನ ಬೇಯಿಸಿ, ಚಮಚದಲ್ಲಿ ಕುಡಿಸಿದಳು. ಎರಡು ದಿನ ಬಿಟ್ಟು ದೊಡ್ಡವ್ವ ಗೋಡೆಗೆ ಒರಗಿ ಕುಳಿತು "ಮೆಣಸು ಸಾಲ್ದಾಗಿತ್ತು ಕಣಮ್ಮಿ" ಅಂದಳು. ನೆಂಟರು ತಂದಿದ್ದ ಮೋಸಂಬಿಯನ್ನು ತಾವೇ ಸುಲಿದು ತಿಂದು ಊರಿಗೆ ಹೊರಟರು.

ಆಕೆಯ ಕಾಯಿಲೆ ನನ್ನ ಕಣ್ಣಿಗೆ ಬಿದ್ದದ್ದು ಅದಾದ ಸ್ವಲ್ಪ ದಿನಕ್ಕೆ. ಆಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದಳು. ನಿಂತರೆ ಕಾಲಿಗೆ ಕಾಲು ಒತ್ತಿ ನಿಲ್ಲುತ್ತಿದ್ದಳು. ಮಂಡಿ ನೋವಿಗೆ ಯಾರೂ ಹಾಗೆ ನಿಲ್ಲುವುದಿಲ್ಲ. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗದರಿಸಿ ಕೇಳಿದ ಮೇಲೆ ಹೇಳಿದಳು. ಗರ್ಭಕೋಶ ಜಾರಿ ಹೊರಗೆ ಬಂದಿತ್ತು, ಊರಲ್ಲಿ ಅದನ್ನು ಮೈ ಜಾರೋದು ಅನ್ನುತ್ತಾರೆ. ಹೊಸದಲ್ಲ, ವರ್ಷಗಳಿಂದ ಇತ್ತು. ಅತ್ತೆಯನ್ನು ಎತ್ತಲು ಶುರುಮಾಡಿದ ಮೇಲೆ ಜಾಸ್ತಿಯಾಗಿತ್ತು. ಆಕೆ ಅದನ್ನು ಕೈಯಿಂದ ಒಳಕ್ಕೆ ತಳ್ಳಿ, ಬಟ್ಟೆ ಮಡಿಸಿಟ್ಟು ಬಿಗಿದು, ಹಾಲು ಕರೆಯಲು ಹೋಗುತ್ತಿದ್ದಳು. ಇಂಥ ಹೆಂಗಸರು ನಮ್ಮ ಕಡೆ ಎಷ್ಟು ಜನ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು, ಯಾಕೆಂದರೆ ಯಾರೂ ಬಾಯಿ ಬಿಡುವುದಿಲ್ಲ.

ಕನಕಪುರದಲ್ಲಿ ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಆಪರೇಷನ್ ಮಾಡಬಹುದು, ಬಿಪಿ ಹಿಡಿತದಲ್ಲಿದೆ, ಹೃದಯವೂ ಗಟ್ಟಿಯಾಗಿದೆ ಅಂದರು. ಆದರೆ ಆಮೇಲೆ ಮೂರು ತಿಂಗಳು ಭಾರ ಎತ್ತಬಾರದು, ನೀರಿನ ಬಿಂದಿಗೆ ಕೂಡ. ಆಕೆ ಸೆರಗಿನಲ್ಲಿ ನಕ್ಕಳು. ಡಾಕ್ಟರಿಗೆ ಯಾಕೆ ನಗು ಅಂತ ಅರ್ಥವಾಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕುಡಿಯುತ್ತ ಆಕೆ ತನ್ನ ತೀರ್ಮಾನ ಹೇಳಿದಳು. "ಅತ್ತೇದೊಂದು ಆಗ್ಲಿ, ಆಮ್ಯಾಕೆ ಮಾಡುಸ್ಕತೀನಿ."

"ನೀನು ನೋಡ್ಕೊಳ್ಳೋ ರೀತಿಗೆ ಅವರಿಗೆ ನೂರು ತುಂಬುತ್ತೆ. ಅಲ್ಲೀ ತನಕ ಕಾಯ್ತೀಯಾ?"

"ಹಂಗಂತ ಕೆಟ್ಟದಾಗಿ ನೋಡ್ಕಳಕ್ಕೆ ಬತ್ತದಾ ನಂಗೆ?"

ಅತ್ತೆ ಸಾಯಲಿ ಎಂದು ಕಾಯುವುದು, ಸಾಯದಂತೆ ದಿನವೂ ನೋಡಿಕೊಳ್ಳುವುದು, ಎರಡನ್ನೂ ಆಕೆ ಒಟ್ಟಿಗೇ ಮಾಡುತ್ತಿದ್ದಳು. ಅದರಲ್ಲಿ ಕಪಟ ಇರಲಿಲ್ಲ, ದೊಡ್ಡತನದ ತೋರಿಕೆಯೂ ಇರಲಿಲ್ಲ. ಮಾಡಿ ಅಭ್ಯಾಸವಾದ ಕೈ ಮಾಡುತ್ತಿತ್ತು.

ವರ್ಷ ಕಳೆಯುವಷ್ಟರಲ್ಲಿ ಆಕೆಗೆ ಪದೇ ಪದೇ ಮೂತ್ರದ ಸೋಂಕು, ಚಳಿಜ್ವರ. ಒಮ್ಮೆ ಮೂತ್ರ ಕಟ್ಟಿ ನರಳಿದಳು. ಹೀಗೇ ಬಿಟ್ಟರೆ ಕಿಡ್ನಿ ಹೋಗುತ್ತದೆ, ಅತ್ತೆಗಿಂತ ಮೊದಲು ನೀವೇ ಹೋಗುತ್ತೀರಿ ಎಂದು ಡಾಕ್ಟರು ಮುಖಕ್ಕೇ ಹೇಳಿದರು. ನನಗೆ ಒಂದು ದಾರಿ ಹೊಳೆಯಿತು. ದೊಡ್ಡವ್ವನ ಮಗಳು, ಅಂದರೆ ಸೊಸೆಯ ನಾದಿನಿ, ಚನ್ನಪಟ್ಟಣದಲ್ಲಿದ್ದಳು. ಅವಳಿಗೂ ಅರವತ್ತೆಂಟಿರಬಹುದು, ಶುಗರ್ ಬೇರೆ. ಆದರೂ ಅವಳ ಮಗ ಮನೆಯ ಪಕ್ಕದಲ್ಲೇ ಬೊಂಬೆ ಕಡೆಯುವ ಮಿಷನ್ ಇಟ್ಟುಕೊಂಡು ದಿನವೆಲ್ಲ ಮನೆಯಲ್ಲಿರುತ್ತಿದ್ದ, ಅವನ ಹೆಂಡತಿಯೂ ಗಟ್ಟಿಮುಟ್ಟಾಗಿದ್ದಳು. ಮೂರು ತಿಂಗಳು ಅಲ್ಲಿಗೆ ಕಳಿಸು ಎಂದೆ.

"ಅಲ್ಲೇ ಪ್ರಾಣ ಹೋಗ್ಬುಟ್ರೆ?" ಅಂದಳು ಆಕೆ.

ಇದು ತಿಳಿಯದವರಿಗೆ ಹೇಳಬೇಕು. ಗಂಡು ಸಂತಾನ ಇರುವ ಮುದುಕಿ ಮಗಳ ಮನೆಯಲ್ಲಿ ಸಾಯುವ ಹಾಗಿಲ್ಲ. ಸತ್ತರೆ ಮಗನ ಮನೆಯವರು ಹೊರಗೆ ಹಾಕಿದರು ಎಂದು ಅರ್ಥ. ಆಸ್ಪತ್ರೆಯಲ್ಲಿ ಕೈಬಿಟ್ಟ ಮುದುಕರನ್ನು, ಮಗಳ ಮನೆಯಲ್ಲಿ ಮಲಗಿದ ಮುದುಕಿಯರನ್ನು, ಇನ್ನೂ ಉಸಿರಿರುವಾಗಲೇ ವ್ಯಾನಿನಲ್ಲಿ ಹಾಕಿಕೊಂಡು ಅವರವರ ಮನೆಗೆ, ಗಂಡನ ಊರಿಗೆ ಓಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ದಾರಿಯ ಕುಲುಕಾಟಕ್ಕೇ ಎಷ್ಟೋ ಜೀವ ಹೋಗಿವೆ. ಅದು ಯಾರಿಗೂ ತಪ್ಪು ಅನ್ನಿಸುವುದಿಲ್ಲ.

"ಐವತ್ತೇಳು ವರ್ಸ ನೋಡ್ಕಂಡಿವ್ನಿ," ಅಂದಳು ಆಕೆ. "ಕೊನೆಗೆ ಅತ್ತೆನ ಮಗಳ ಮನೇಲಿ ಸಾಯಕ್ಕೆ ಬುಟ್ಟೋಳು ಅನ್ನುಸ್ಕಳ್ಳಾ? ಅತ್ತೆಗೆ ಇದೇನೂ ಹೇಳ್ಬ್ಯಾಡಿ ನರ್ಸಮ್ಮ. ನನ್ನಾಣೆ."

ಹೇಳಲಿಲ್ಲ. ಆದರೆ ಮುಂದಿನ ತಿಂಗಳು ಬಿಪಿ ನೋಡಲು ಹೋದಾಗ, ಸೊಸೆ ಡೇರಿಗೆ ಹೋಗಿದ್ದ ಹೊತ್ತಿನಲ್ಲಿ, ದೊಡ್ಡವ್ವ ನನ್ನ ಕೈ ಹಿಡಿದು ಹತ್ತಿರ ಎಳೆದಳು.

"ಮಗ, ಅವ್ಳಿಗೆ ಮೈ ಜಾರೈತಾ?"

ನಾನು ಬಿಪಿ ಮಿಷನ್ನ ಪಟ್ಟಿ ಬಿಚ್ಚುತ್ತಾ ಕೂತೆ.

"ನೀ ಹೇಳ್ಬ್ಯಾಡ ಬುಡು. ನನ್ ಎತ್ತೋವಾಗ ಅವ್ಳ ಮೈ ನಡುಗ್ತದೆ. ಕಿವಿ ಕೇಳ್ದಿದ್ರೂ ನಡುಕ ಗೊತ್ತಾಗಕಿಲ್ವಾ? ನಮ್ಮತ್ತೆಗೂ ಹಿಂಗೇ ಆಗಿತ್ತು. ಹಂಗೇ ನರಳ್ಕಂಡು ಸತ್ಲು. ಆಗ ಡಾಕ್ಟ್ರೂ ಇಲ್ಲ, ಏನೂ ಇಲ್ಲ. ಈಗ ಮಾಡ್ತಾರಾ?"

"ಮಾಡ್ತಾರೆ ದೊಡ್ಡವ್ವ."

"ಮಾಡುದ್ರೆ ಎಷ್ಟು ದಿವ್ಸ ಎತ್ತಂಗಿಲ್ಲ?"

"ಯಾರಿಗೇ ಆಗಲಿ, ಮೂರು ತಿಂಗಳು."

ದೊಡ್ಡವ್ವ ನನ್ನ ಕೈ ಬಿಟ್ಟಳು. ಆಮೇಲೆ ಮಳೆ ಹೋದದ್ದು, ರಾಗಿ ತೆನೆ ಹೊಡೆಯದೆ ನಿಂತದ್ದು ಏನೇನೋ ಮಾತಾಡಿದಳು.

ಅದಾಗಿ ವಾರಕ್ಕೆ ದೊಡ್ಡವ್ವ ಊಟ ಬಿಟ್ಟಳು. ಗೋಡೆ ಕಡೆ ತಿರುಗಿ, ಕಣ್ಣು ಮುಚ್ಚಿ ಮಲಗಿಬಿಟ್ಟಳು. ಕರೆದರೆ ಮಾತಿಲ್ಲ. ಮತ್ತೆ ಫೋನುಗಳು ಹೋದವು, ಮತ್ತೆ ಬ್ರೆಡ್ಡು ಮೋಸಂಬಿ ಬಂದವು. ಚನ್ನಪಟ್ಟಣದಿಂದ ಮಗಳು, ಮೊಮ್ಮಗ ಬಂದರು. ನನ್ನನ್ನೂ ಕರೆಸಿದರು. ಪಡಸಾಲೆ ತುಂಬ ಜನ. ನಾಡಿ ಹಿಡಿದೆ, ಚೆನ್ನಾಗಿತ್ತು. ಬಿಪಿ ನೋಡಿದೆ, ನನ್ನದಕ್ಕಿಂತ ಚೆನ್ನಾಗಿತ್ತು. ಉಸಿರು ನೋಡಲು ಮುಖದ ಹತ್ತಿರ ಬಗ್ಗಿದಾಗ ದೊಡ್ಡವ್ವ ಗೋಡೆ ಕಡೆಯ ಕಣ್ಣೊಂದನ್ನು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಳು.

"ಹೆಂಗೈತೆ ನರ್ಸಮ್ಮ?" ಎಂದು ಜನ ಕೇಳಿದರು.

"ಈ ವಯಸ್ಸಿನಲ್ಲಿ ಹೇಳಕ್ಕಾಗಲ್ಲ," ಎಂದೆ. ಸುಳ್ಳೇನಲ್ಲ, ನಲವತ್ತರವರಿಗೂ ನಾವು ಅದನ್ನೇ ಹೇಳುತ್ತೇವೆ.

ಊರಿನ ಹಿರಿಯರೊಬ್ಬರು ಬಗ್ಗಿ, ಕಿವಿಯ ಹತ್ತಿರ ಗಟ್ಟಿಯಾಗಿ ಕೇಳಿದರು. "ದೊಡ್ಡವ್ವ, ಏನಾರ ಆಸೆ ಐತಾ? ಮನ್ಸಲ್ಲಿ ಮಡೀಕಬ್ಯಾಡ."

ಸಾಯುವವರ ದನಿ ಮೂರನೇ ಮನೆಗೆ ಕೇಳಿದ್ದು ಅದೇ ಮೊದಲಿರಬೇಕು. "ಮಗಳ ಮನೇಲಿ ಮೂರು ತಿಂಗ್ಳು ಇರ್ಬೇಕು ಅಂತ ಆಸೆ."

ಸಾಯುವವರ ಆಸೆ ತಳ್ಳಿಹಾಕುವಂತಿಲ್ಲ. ಮಗಳ ಮನೆಯಲ್ಲಿ ಸಾಯಲು ಬಿಡುವಂತೆಯೂ ಇಲ್ಲ. ಎರಡೂ ಹಿರಿಯರು ಮಾಡಿದ ಪದ್ಧತಿಗಳೇ. "ಮೂರು ತಿಂಗ್ಳು ಯಾಕವ್ವ, ಒಂದಿನ ಹೋಗಿ ನೋಡ್ಕಂಡು ಬಂದ್ರೆ ಆಗಕಿಲ್ವಾ?" ಎಂದು ಹಿರಿಯರು ಚೌಕಾಸಿ ಮಾಡಿ ನೋಡಿದರು.

"ಮೂರು ತಿಂಗ್ಳು," ಅಂದಳು ದೊಡ್ಡವ್ವ.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಂಚದ ಹತ್ತಿರ ಬಂದಳು. ಅಷ್ಟು ಜನರ ಮುಂದೆ ಆಕೆ ಅತ್ತೆಯನ್ನು ನೇರವಾಗಿ ಕೇಳಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. "ನಾನೇನು ಕಮ್ಮಿ ಮಾಡಿದ್ದೆ ಅತ್ತೆ?"

ದೊಡ್ಡವ್ವ ಕಣ್ಣು ತೆರೆಯಲಿಲ್ಲ. "ಮುದ್ದೆ ಗಂಟಾಯ್ತದೆ ಕಣಮ್ಮಿ."

ಕೆಲವರು ನಕ್ಕರು. ಆಕೆ ನಗಲಿಲ್ಲ. ಮಾರನೆಯ ಬೆಳಗ್ಗೆ ಮೊಮ್ಮಗ ತಂದಿದ್ದ ವ್ಯಾನಿಗೆ ಅತ್ತೆಯನ್ನು ಎತ್ತಿ ಕೂರಿಸಿದವಳು ಆಕೆಯೇ. ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿ, ಬೆಲ್ಲದ ಡಬ್ಬಿಯನ್ನೂ ಮಾತ್ರೆಯನ್ನೂ ನಾದಿನಿಯ ಕೈಗಿಟ್ಟು, ಒಳಗೆ ಹೋದಳು.

ನಾನು ಅದೇ ವಾರ ಹೋಗಿ ಕೇಳಿದೆ, ಈಗ ಎತ್ತಬೇಕಾದವರು ಯಾರೂ ಇಲ್ಲವಲ್ಲ, ಆಪರೇಷನ್ನಿಗೆ ಬರ್ತೀಯಾ ಎಂದು. ಆಕೆ ನನ್ನ ಮುಖವನ್ನೇ ನೋಡಿದಳು. "ನೀವೇನಾರ ಅತ್ತೆಗೆ ಹೇಳುದ್ರಾ?"

"ಇಲ್ಲ." ಇದೂ ಸುಳ್ಳಲ್ಲ.

"ಹಂಗಾರೆ ಮಾಡುಸ್ಬುಡಿ ಅತ್ಲಾಗೆ," ಅಂದಳು. ಸಿಟ್ಟಿನಲ್ಲಿ ಒಪ್ಪಿದಳು. ನನಗೆ ಒಪ್ಪಿಗೆ ಬೇಕಿತ್ತು, ಅದು ಯಾವ ಬಾಗಿಲಿಂದ ಬಂದರೇನು.

ಆಪರೇಷನ್ ಚೆನ್ನಾಗಿ ಆಯಿತು. ವಾರ್ಡಿನಲ್ಲಿ ಮಲಗಿಕೊಂಡು ಆಕೆ ಬಂದವರೆದುರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಇಷ್ಟು ವರ್ಸ ನನ್ ಕೈ ಮುದ್ದೆ ಉಂಡು, ಈಗ ಗಂಟಂತೆ." ಮನೆಗೆ ಬಂದ ಮೇಲೂ ಅದೇ. ಗಾರ್ಮೆಂಟ್ಸಿನ ಸೊಸೆ ರಜಾ ಹಾಕಿ ಒಂದಷ್ಟು ದಿನ ನೋಡಿಕೊಂಡಳು, ಮಗ ಬಿಂದಿಗೆಯಲ್ಲಿ ನೀರು ಹೊತ್ತು ತಂದ. ಆ ಊರಲ್ಲಿ ಗಂಡಸು ಬಿಂದಿಗೆ ಹೊತ್ತದ್ದನ್ನು ನೋಡಲು ಜನ ಬಾಗಿಲಿಗೆ ಬಂದರು. ದಿನಾ ಸಂಜೆ ಚನ್ನಪಟ್ಟಣಕ್ಕೆ ಫೋನು. ಬೆನ್ನಿಗೆ ಪೌಡರ್ ಹಾಕಿದ್ರಾ, ಮಾತ್ರೆ ನುಂಗ್ತಾ, ನಾಲ್ಗೆ ಎತ್ಸಿ ನೋಡುದ್ರಾ. ಎಲ್ಲ ನಾದಿನಿಯ ಹತ್ತಿರ. ದೊಡ್ಡವ್ವನಿಗೆ ಫೋನು ಕೊಡಲೇ ಎಂದರೆ ಬೇಡ ಅನ್ನುತ್ತಿದ್ದಳು, ಹೇಗೂ ಕಿವಿ ಕೇಳುವುದಿಲ್ಲವಲ್ಲ ಎಂದು. ನನಗೆ ನಿಜ ಹೇಳಿಬಿಡಬೇಕು ಅಂತ ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದ್ದರೆ ಆಕೆ ಅಂದೇ ಹೊರಟು ಹೋಗಿ ಅತ್ತೆಯನ್ನು ಕರೆತರುತ್ತಿದ್ದಳು. ಹೊಲಿಗೆ ಇನ್ನೂ ಮಾಗಿರಲಿಲ್ಲ. ಮೂರು ತಿಂಗಳು ಮುಗಿಯಲಿ ಎಂದು ಸುಮ್ಮನಿದ್ದೆ.

ದೊಡ್ಡವ್ವ ಎರಡನೇ ತಿಂಗಳು ಕಳೆದ ಮೇಲೆ ಹೋದಳು. ಈ ಸಲ ಯಾರಿಗೂ ಫೋನು ಬರಲಿಲ್ಲ. ಹೋದ ಮೇಲೇ ಬಂತು. ಬೆಳಗ್ಗೆ ಹತ್ತರ ಹೊತ್ತಿಗೆ ಹೆಣವನ್ನು ಊರಿಗೆ ತಂದು ಜಗಲಿಯ ಮೇಲೆ ಇಳಿಸಿದರು. ಜನ ಸೇರಿದ್ದರು. ಎಲ್ಲರೂ ಅಂದುಕೊಂಡದ್ದನ್ನು ಆ ಹಿರಿಯರೇ ಬಾಯಿಬಿಟ್ಟು ಕೇಳಿದರು. "ಉಸ್ರಿದ್ದಾಗ್ಲೇ ತರ್ಬಾರ್ದಾಗಿತ್ತಾ? ಗಂಡನ ಮನೆ ಇಲ್ವಾ ಅವ್ಳಿಗೆ?" ಕೇಳಿದ್ದು ಮಗಳನ್ನಾದರೂ ಕಣ್ಣು ಇದ್ದದ್ದು ಸೊಸೆಯ ಮೇಲೆ.

ಮಗಳು ಅಳುತ್ತಲೇ ಹೇಳಿದಳು. "ತರಕ್ಕೆ ವ್ಯಾನು ಬಾಗ್ಲಿಗೆ ನಿಲ್ಸಿದ್ವು. ಅವ್ವನೇ ಬರ್ನಿಲ್ಲ. ಮಂಚದ ಸರಳು ಹಿಡ್ಕಬುಡ್ತು. ಮೂರು ತಿಂಗ್ಳು ಆಯ್ತಾ ಅಂತು. ಇನ್ನೂ ಇಲ್ಲ ಕಣವ್ವ ಅಂದೆ. ಹಂಗಾರೆ ಬ್ಯಾಡ, ನನ್ ನೋಡುದ್ರೆ ಅವ್ಳು ಎತ್ತಕ್ಕೆ ಬತ್ತಾಳೆ, ಅವ್ಳು ಎತ್ತಂಗಿಲ್ಲ ಅಂತು. ಇಲ್ಲೇ ಹೋಯ್ತೀನಿ, ಯಾರೇನಂದ್ರೂ ನನ್ನೇ ಅನ್ಲಿ ಅಂತು."

ಸೊಸೆ ಹೆಣದ ಪಕ್ಕ ನೆಲದ ಮೇಲೆ ಕೂತಿದ್ದಳು. ಆಕೆ ಅಳುತ್ತಾಳೆ ಅಂದುಕೊಂಡೆ. ಆಕೆಗೆ ಬಂದದ್ದು ಸಿಟ್ಟು. "ಹಿಂಗ್ ಮಾಡ್ಬೋದಾ ಅತ್ತೆ?" ಎಂದು ಹೆಣವನ್ನೇ ಕೇಳಿದಳು. "ನನ್ನ ಒಂದ್ಮಾತು ಕೇಳ್ಬ್ಯಾಡ್ವಾ? ಇಷ್ಟು ವರ್ಸ ನಾನೇ ನೋಡ್ನಿಲ್ವಾ? ಕೊನೇ ದಿವ್ಸ ಒಂದ್ನ ನಂಗೆ ಕೊಡ್ಬಾರ್ದಾಗಿತ್ತಾ?" ನನಗೆ ಅಳು ಬಂತು. ಇಷ್ಟು ಸಾವು ನೋಡಿದವಳಿಗೆ ಬರಬಾರದು ಎಂದೇನಿಲ್ಲ.

ಮೈ ತೊಳೆಯಲು ಅಂಗಳದಲ್ಲಿ ಹಲಗೆ ಹಾಕಿ, ಸೀರೆ ಅಡ್ಡ ಹಿಡಿದು, ಬಿಸಿನೀರು ತಂದಿಟ್ಟರು. ಜಗಲಿಯಿಂದ ಹಲಗೆಗೆ ಹೆಣ ಎತ್ತಬೇಕು. ಮೊದಲು ಕೈ ಹಾಕಬೇಕಾದವಳು ಮನೆಯ ಸೊಸೆ. ಆಕೆ ಗೋಡೆ ಹಿಡಿದು ಎದ್ದು, ಬಲಗಡೆಗೆ ಬಂದು ಬಗ್ಗಿ, ಒಂದು ಕೈಯನ್ನು ಕತ್ತಿನ ಹಿಂದೆ ಹಾಕಿದಳು. ಹಾಕಿ ನನ್ನ ಕಡೆ ನೋಡಿದಳು.

ದೊಡ್ಡವ್ವ ಆಗ ಒಣಗಿದ ಸೌದೆಯಷ್ಟು ಹಗುರ. ಎತ್ತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೂ ನಾನು ತಲೆ ಅಲ್ಲಾಡಿಸಿ ಬೇಡ ಅಂದೆ. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು ಸರಿದು ನಿಂತಳು. ಅಕ್ಕಪಕ್ಕದ ಹೆಂಗಸರು ನಾಲ್ಕು ಜನ ಮುಂದೆ ಬಂದರು. ಅವರಿಗೆ ಅಭ್ಯಾಸವಿರಲಿಲ್ಲ. ತಲೆಯ ಹತ್ತಿರ ಒಬ್ಬಳು, ಕಾಲಿನ ಹತ್ತಿರ ಒಬ್ಬಳು, ಉಳಿದಿಬ್ಬರು ನಡುವಿಗೆ ಎರಡೂ ಕಡೆಯಿಂದ ಕೈ ಹಾಕಿದರು.

"ಎಡಗಡೆ ಸೊಂಟ ಮುಟ್ಬ್ಯಾಡ್ರವ್ವ," ಅಂದಳು ಆಕೆ. "ನೋಯ್ತದೆ."

ಹೆಂಗಸರು ಒಂದು ಗಳಿಗೆ ಕೈ ತಡೆದರು. ಆಮೇಲೆ ಸೊಂಟ ಬಿಟ್ಟು, ಮಂಡಿಯ ಕೆಳಗೆ ಕೈ ಹಾಕಿ ಎತ್ತಿದರು.